ಊರ ಶಾಲೆಗೆ ಯಜಮಾನರು ಯಾರು?

ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಈಚೆಗೆ ಒಂದು ಸಭೆ ನಡೆಯಿತು. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾಗಿ ಮನೆಯಲ್ಲಿರುವ ನನ್ನನ್ನು ಅಲ್ಲಿಯ ಮುಖ್ಯೋಪಾಧ್ಯಾಯರು, ಹಳೆಯ ಪರಿಚಯದ ಸಲುಗೆಯಿಂದ, ‘ಬಂದು ಒಂದು ಗಳಿಗೆ ಕುಳಿತಿರಿ’ ಎಂದು ಕರೆದಿದ್ದರು. ಅದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ. ಹೆಸರು ಉದ್ದ, ಸಭೆ ಚಿಕ್ಕದು. ಹಾಜರಿ ಪುಸ್ತಕದಲ್ಲಿ ಸದಸ್ಯರ ಹೆಸರುಗಳು ಬಹಳವಿದ್ದವು; ಬಂದಿದ್ದವರು ಏಳು ಮಂದಿ, ಅವರಲ್ಲಿ ಐವರು ಹೆಂಗಸರು. ಮುಖ್ಯೋಪಾಧ್ಯಾಯರು ಕಾರ್ಯಸೂಚಿಯನ್ನು ಓದಿದರು. ಒಬ್ಬ ಉಪಾಧ್ಯಾಯರ ಸ್ಥಾನ ತೆರವಾಗಿದೆ. ಹಿಂಬದಿಯ ಕಾಂಪೌಂಡು ಗೋಡೆ ಮಳೆಗೆ ಕುಸಿದಿದೆ. ವರ್ಷದ ಅನುದಾನ ಖರ್ಚಾಗಿದೆ, ಸಮಿತಿ ಅದನ್ನು ಒಪ್ಪಬೇಕು. ಒಂದೊಂದು ವಿಷಯವನ್ನು ಓದಿದ ಮೇಲೂ ಅವರು ಸೇರಿಸುತ್ತಿದ್ದ ಮಾತು ಒಂದೇ: ‘ಮೇಲಕ್ಕೆ ಬರೆದಿದ್ದೇವೆ, ಮೇಲಿನಿಂದ ಬರಬೇಕು.’

ಕೊನೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದ ತಾಯಿಯೊಬ್ಬರು ಆಗ ಬಾಯಿ ಬಿಟ್ಟರು.

‘ಒಂದು ಮಾತು ಕೇಳ್ತೀನಿ ಮೇಷ್ಟ್ರೇ. ಮೇಷ್ಟ್ರು ಬೇಕು ಅಂದ್ರೆ ಮೇಲಿಂದ ಬರ್ಬೇಕು ಅಂತೀರ. ಗೋಡೆ ಬಿದ್ದೈತೆ ಅಂದ್ರೆ ಮೇಲಿಂದ ಬರ್ಬೇಕು ಅಂತೀರ. ಎಲ್ಲಾ ಮೇಲಿಂದಾನೇ ಬರೋದಾದ್ರೆ ಟಮೋಟ ಬಿಡಿಸೋ ಕೂಲಿ ಬಿಟ್ಟು ನಾನ್ಯಾಕೆ ಬರ್ಬೇಕು?’

ಯಾರೂ ನಗಲಿಲ್ಲ. ಮುಖ್ಯೋಪಾಧ್ಯಾಯರು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ನಡವಳಿ ಪುಸ್ತಕ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ರುಜುಗಳು ಬಿದ್ದು, ಸಭೆ ಮುಗಿಯಿತು. ಆದರೆ ಪ್ರಶ್ನೆ ನನ್ನೊಡನೆ ಮನೆಗೆ ಬಂದಿತು. ನಮ್ಮ ಊರ ಶಾಲೆಯನ್ನು ಆಳುವವರು ಯಾರು? ಆಳಬೇಕಾದವರು ಯಾರು? ಈ ಎರಡು ಮಾತುಗಳನ್ನು ವಾಚಕರೊಡನೆ ಕೂಡಿ ವಿಚಾರಮಾಡಬೇಕೆಂಬುದೇ ಈ ಲೇಖನದ ಉದ್ದೇಶ.

ಏಣಿಯ ಮೆಟ್ಟಿಲುಗಳು

ವಿದ್ಯಾ ಇಲಾಖೆಯ ಭಾಷೆಯಲ್ಲಿ ‘ಶೈಕ್ಷಣಿಕ ಜಿಲ್ಲೆ’ ಎಂಬುದೊಂದು ಮಾತುಂಟು. ಅದು ಕಂದಾಯದ ಜಿಲ್ಲೆಗೆ ಸರಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಮಧುಗಿರಿ, ಶಿರಸಿ, ಚಿಕ್ಕೋಡಿಗಳು ಕಂದಾಯದ ಲೆಕ್ಕದಲ್ಲಿ ಜಿಲ್ಲೆಗಳಲ್ಲ. ಇಲಾಖೆಯ ಲೆಕ್ಕದಲ್ಲಿ ಜಿಲ್ಲೆಗಳು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾದ ಮೇಲೆ ಕೋಲಾರದ ಶೈಕ್ಷಣಿಕ ಜಿಲ್ಲೆಗೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆ.ಜಿ.ಎಫ್. ಎಂಬ ಭಾಗಗಳು ಉಳಿದವು. ಜಿಲ್ಲೆಗೆ ಒಬ್ಬ ಉಪನಿರ್ದೇಶಕರು; ತಾಲ್ಲೂಕಿಗೆ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ; ಅವರ ಕೆಳಗೆ ಹಲವು ಶಾಲೆಗಳ ಗುಂಪಿಗೆ ಒಬ್ಬೊಬ್ಬ ಸಂಪನ್ಮೂಲ ವ್ಯಕ್ತಿ; ಎಲ್ಲಕ್ಕೂ ಕೆಳಗೆ ಶಾಲೆಯ ಮುಖ್ಯೋಪಾಧ್ಯಾಯರು. ಮೇಲಕ್ಕೆ ನೋಡಿದರೆ ಆಯುಕ್ತರು, ಕಾರ್ಯದರ್ಶಿಗಳು, ಸಚಿವರು. ಇದು ಒಂದು ಏಣಿ.

ಇದರ ಪಕ್ಕದಲ್ಲೇ ಇನ್ನೊಂದು ಏಣಿಯುಂಟು. ಸಂವಿಧಾನದ 73ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ, ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಾಲೆಗಳೂ ಸೇರಿದವು. ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮವು ಜಿಲ್ಲಾ ಪಂಚಾಯತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯಕ್ಕೆಂದು ಒಂದು ಸ್ಥಾಯಿ ಸಮಿತಿಯನ್ನೂ, ಗ್ರಾಮ ಪಂಚಾಯತಿಯಲ್ಲಿ ಶಿಕ್ಷಣವನ್ನೂ ನೋಡಿಕೊಳ್ಳತಕ್ಕ ಸೌಕರ್ಯ ಸಮಿತಿಯನ್ನೂ ಇಟ್ಟಿತು. ಈ ಏಣಿಯ ಕಟ್ಟಕಡೆಯ ಮೆಟ್ಟಿಲಿಗೆ ತಗುಲಿಕೊಂಡಂತೆ ಪೋಷಕರ ಸಮಿತಿ ನಿಂತಿದೆ.

ಎರಡು ಏಣಿಗಳಿದ್ದರೆ ಹತ್ತುವವನಿಗೆ ಅನುಕೂಲವಲ್ಲವೇ ಎಂದು ಕೇಳಬಹುದು. ಕುಸಿದ ಗೋಡೆಯ ಕಥೆಯನ್ನೇ ನೋಡಿ. ಸಮಿತಿ ನಿರ್ಣಯ ಮಾಡಬಹುದು, ಗೋಡೆ ಕಟ್ಟಿಸಲಾರದು. ಮುಖ್ಯೋಪಾಧ್ಯಾಯರು ಶಿಕ್ಷಣಾಧಿಕಾರಿಗೆ ಬರೆಯುತ್ತಾರೆ. ಅಂದಾಜು ಪಟ್ಟಿ ತಯಾರಿಸಬೇಕಾದವರು ಇಂಜಿನಿಯರರು. ಅವರು ಬೇರೆ ಇಲಾಖೆಯವರು. ಹಣ ಜಿಲ್ಲೆಯಿಂದ ಬರಬೇಕು, ಇಲ್ಲವೇ ಶಾಸಕರ ನಿಧಿಯಿಂದ ಬರಬೇಕು. ಗ್ರಾಮ ಪಂಚಾಯತಿಯವರನ್ನು ಕೇಳಿದರೆ, ಈ ವರ್ಷದ ಕ್ರಿಯಾಯೋಜನೆಯಲ್ಲಿ ಅದು ಸೇರಿಲ್ಲವೆನ್ನುತ್ತಾರೆ. ಯಾರೂ ಸುಳ್ಳು ಹೇಳುವವರಲ್ಲ. ಯಾರೂ ಕೆಲಸಗಳ್ಳರೂ ಅಲ್ಲ. ಪ್ರತಿಯೊಬ್ಬರ ಕೈಯಲ್ಲಿಯೂ ಬೀಗದ ಒಂದು ಭಾಗವಿದೆ. ಪೂರ್ತಿ ಬೀಗದಕೈ ಯಾರಲ್ಲಿಯೂ ಇಲ್ಲ. ಈ ನಡುವೆ ಮಕ್ಕಳು ಕುಸಿದ ಗೋಡೆಯ ಕಲ್ಲುಗಳನ್ನು ಆಟದ ಮನೆಗೆ ಉಪಯೋಗಿಸುತ್ತಿರುತ್ತಾರೆ.

ಕೊಟ್ಟದ್ದು, ಹಿಂದಕ್ಕೆ ಪಡೆದದ್ದು

ಈ ಪರಿಸ್ಥಿತಿ ಒಂದು ದಿನದಲ್ಲಿ ಬಂದುದಲ್ಲ. ನಮ್ಮ ನಾಡಿನ ಶಾಲೆಗಳ ಆಡಳಿತದ ಚರಿತ್ರೆಯೆಂದರೆ, ಊರಿನ ಕೈಗೆ ಅಧಿಕಾರವನ್ನು ಕೊಡುವುದು, ಕೊಟ್ಟು ಹಿಂದಕ್ಕೆ ಪಡೆಯುವುದು, ಮತ್ತೆ ಕೊಡುವುದು.

ಶಾಸನಗಳ ಸಂಪುಟಗಳಿಂದ ಸಾಹಿತ್ಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತರಾದ ಬಿ. ಎಲ್. ರೈಸ್ ಅವರು ವಿದ್ಯಾ ಇಲಾಖೆಯ ಅಧಿಕಾರಿಯೂ ಆಗಿದ್ದರು. 1868ರಲ್ಲಿ ಅವರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಹೋಬಳಿಗೊಂದು ಶಾಲೆಯಾದರೂ ಇರಬೇಕೆಂಬುದು ಅದರ ಗುರಿ. ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಹೊರತಂದವರೂ ಅವರೇ. ನಮ್ಮ ಸೀಮೆಯ ಕಲ್ಲಿನ ಮೇಲಣ ಅಕ್ಷರಗಳನ್ನು ಓದಿದವರೇ ನಮ್ಮ ಮಕ್ಕಳ ಹಲಗೆಯ ಮೇಲಣ ಅಕ್ಷರಗಳ ಬಗ್ಗೆಯೂ ಯೋಚಿಸಿದರೆಂಬುದು ನೆನೆಯತಕ್ಕ ವಿಷಯ. ಮುಂದೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ ಹೊರಟು, ಆಯ್ದ ಸ್ಥಳಗಳಲ್ಲಿ ವಿದ್ಯಾಭ್ಯಾಸ ಕಡ್ಡಾಯವಾಯಿತು.

ಆಡಳಿತದ ದೃಷ್ಟಿಯಿಂದ ದೊಡ್ಡ ಪ್ರಯೋಗ ನಡೆದದ್ದು 1930ರಲ್ಲಿ. ಆ ವರ್ಷದ ರೆಗ್ಯುಲೇಷನ್ ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಹನ್ನೊಂದು ವರ್ಷ ಕಳೆಯಿತು. 1941ರ ಶಾಸನದಿಂದ ಸರ್ಕಾರವು ಆ ಹೊಣೆಯನ್ನು ಮತ್ತೆ ತನ್ನ ಕೈಗೇ ತೆಗೆದುಕೊಂಡಿತು. ಅತ್ತ ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳಲ್ಲಿ ಬೇರೆ ಪದ್ಧತಿ ಬೆಳೆದಿತ್ತು. 1923ರ ಕಾಯಿದೆಯ ಕಾಲದಿಂದ ಅಲ್ಲಿಯ ಪ್ರಾಥಮಿಕ ಶಾಲೆಗಳು ಸ್ಥಳೀಯ ಬೋರ್ಡುಗಳ ಆಡಳಿತದಲ್ಲಿದ್ದವು. 1947ರ ಕಾಯಿದೆಯ ಮೇಲೆ ಜಿಲ್ಲಾ ಸ್ಕೂಲ್ ಬೋರ್ಡುಗಳು ಬಂದವು. 1956ರಲ್ಲಿ ಕನ್ನಡ ನಾಡು ಒಂದಾದಾಗ ನಾಡಿನ ಜೊತೆಗೆ ಈ ಬಗೆಬಗೆಯ ಪದ್ಧತಿಗಳೂ ಬಂದು ಕೂಡಿದವು. ಅವುಗಳನ್ನು ಒಂದುಮಾಡಲು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. 1983ರ ಕರ್ನಾಟಕ ಶಿಕ್ಷಣ ಕಾಯಿದೆ ಜಾರಿಗೆ ಬರಲು 1995ರವರೆಗೆ ಕಾಯಬೇಕಾಯಿತು. ಒಟ್ಟಿನಲ್ಲಿ ಏಕರೂಪ ಬಂದಿತು. ಏಕರೂಪದ ಜೊತೆಗೆ ಎಲ್ಲ ದಾರಿಗಳೂ ಬೆಂಗಳೂರಿಗೆ ಹೋಗುವಂತಾಯಿತು.

1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಉಪಾಧ್ಯಾಯ. ಅಬ್ದುಲ್ ನಜೀರ್ ಸಾಬರ ಹೆಸರು ಹಳ್ಳಿಹಳ್ಳಿಯಲ್ಲಿ ಕೇಳಿಬರುತ್ತಿದ್ದ ಕಾಲ ಅದು. ಬೆಳಗಿನ ಬಸ್ಸು ತಪ್ಪಿಸಿಕೊಂಡು ತಡವಾಗಿ ಬಂದರೆ ಮಂಡಲದ ಸದಸ್ಯರೊಬ್ಬರು ಶಾಲೆಯ ಜಗುಲಿಯ ಮೇಲೆ ಕುಳಿತಿರುತ್ತಿದ್ದರು. ‘ಏನು ಮೇಷ್ಟ್ರೇ, ಬಸ್ಸು ತಡವೋ, ನೀವು ತಡವೋ?’ ಎಂದು ಕೇಳುತ್ತಿದ್ದರು. ನಮಗೆ ಕೋಪ ಬರುತ್ತಿತ್ತು. ಮಾರನೆಯ ದಿನ ಬಸ್ಸು ಮಾತ್ರ ತಪ್ಪುತ್ತಿರಲಿಲ್ಲ. ಅದೇ ಸದಸ್ಯರು ಸೀಮೆಸುಣ್ಣವಿಲ್ಲವೆಂದರೆ ಕೋಲಾರಕ್ಕೆ ಹೋಗಿ ಜಗಳವಾಡಿ ತರುತ್ತಿದ್ದರು. 1992ರಲ್ಲಿ ಆ ಪರಿಷತ್ತುಗಳ ಅವಧಿ ಮುಗಿಯಿತು, ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಜಗುಲಿ ಬರಿದಾಯಿತು.

ಅದೇ ಕಥೆ ನಮ್ಮ ಕಾಲದಲ್ಲಿ ಮತ್ತೆ ನಡೆದಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು; 2021ರಲ್ಲಿ ಅವಧಿ ಮುಗಿಯಿತು; ಅನಂತರ ವರ್ಷಗಟ್ಟಲೆ ಅವು ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿಯೇ ನಡೆದವು. ಶಿಕ್ಷಣದ ಸ್ಥಾಯಿ ಸಮಿತಿಯಲ್ಲಿ ಕೂರಬೇಕಾದ ಪ್ರತಿನಿಧಿಗಳೇ ಇಲ್ಲದಿದ್ದರೆ, ಊರಿನ ಸಮಿತಿ ‘ಮೇಲಕ್ಕೆ’ ಬರೆಯುವುದು ಯಾರಿಗೆ? ಏಣಿಯ ನಡುವಣ ಮೆಟ್ಟಿಲುಗಳು ಮುರಿದಿರುವಾಗ ಕೆಳಗೆ ನಿಂತವರನ್ನು ಹತ್ತಿರೆಂದು ಹುರಿದುಂಬಿಸಿ ಫಲವೇನು?

ಈಗಿನ ಸಮಿತಿಯ ಹುಟ್ಟನ್ನೂ ಹೇಳಿಬಿಡುತ್ತೇನೆ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಸಲಹೆಯನ್ನು ಅನುಸರಿಸಿ, 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಇದು ಹುಟ್ಟಿತು. ಹಿಂದಿನ ಸಮಿತಿಗಳಲ್ಲಿ ಊರಿನ ಗಣ್ಯರು ಕೂರುತ್ತಿದ್ದರು. ಇದರಲ್ಲಿ ಮಕ್ಕಳ ತಂದೆತಾಯಿಗಳು ಕೂರಬೇಕು, ಅಧ್ಯಕ್ಷರೂ ಅವರಲ್ಲೊಬ್ಬರಾಗಬೇಕು ಎಂಬುದೇ ಹೊಸತನ. 2006ರ ಮಾದರಿ ಉಪವಿಧಿಗಳು ಇದನ್ನು ಗ್ರಾಮ ಪಂಚಾಯತಿಗೆ ಹೊಂದಿಸಿದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ ಇನ್ನೂ ಮುಂದೆ ಹೋಗಿ, ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಪಾಲು ಹೆಂಗಸರಿರಬೇಕು, ಹಿಂದುಳಿದವರ ಮತ್ತು ದುರ್ಬಲರ ಮಕ್ಕಳ ಪೋಷಕರಿಗೆ ತಕ್ಕ ಸ್ಥಾನವಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ತಯಾರಿಸಬೇಕು ಎಂದು ವಿಧಿಸಿತು. ಕಾಗದದ ಮೇಲೆ ಇಷ್ಟು ಪ್ರಜಾಪ್ರಭುತ್ವ ನಮ್ಮ ಬೇರೆ ಯಾವ ಕಚೇರಿಯಲ್ಲಿ ಉಂಟು? ಟಮೋಟ ಬಿಡಿಸುವ ತಾಯಿ ಆ ಬೆಂಚಿನ ಮೇಲೆ ಕುಳಿತು ಪ್ರಶ್ನೆ ಕೇಳುವಂತಾದುದು ಇದೇ ಕಾಯಿದೆಯ ಪುಣ್ಯದಿಂದ. ಉತ್ತರ ಸಿಕ್ಕದಿದ್ದುದಕ್ಕೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಅಮೆರಿಕದ ಶಾಲಾ ಜಿಲ್ಲೆ

‘ಶೈಕ್ಷಣಿಕ ಜಿಲ್ಲೆ’ ಎಂಬ ಮಾತಿಗೆ ಸರಿಸಮನಾದ ಮಾತು ಅಮೆರಿಕದಲ್ಲಿಯೂ ಉಂಟು. ಆದರೆ ವಸ್ತು ಬೇರೆ. ನಮ್ಮದು ಇಲಾಖೆಯ ಒಂದು ಕೊಂಬೆ. ಅವರದು ತಾನೇ ಒಂದು ಗಿಡ. ಅಲ್ಲಿಯ ಬಹುತೇಕ ಶಾಲಾ ಜಿಲ್ಲೆಗಳಿಗೆ ಜನ ಚುನಾಯಿಸಿದ ಒಂದು ಮಂಡಳಿಯುಂಟು. ಅದು ಸಂಬಳ ಕೊಟ್ಟು ಒಬ್ಬ ಮುಖ್ಯಾಧಿಕಾರಿಯನ್ನು ನೇಮಿಸುತ್ತದೆ, ಆಯವ್ಯಯವನ್ನು ಒಪ್ಪುತ್ತದೆ, ಶಾಲೆಯನ್ನು ತೆರೆಯಬೇಕೋ ಮುಚ್ಚಬೇಕೋ ತೀರ್ಮಾನಿಸುತ್ತದೆ. ಖರ್ಚಿನ ದೊಡ್ಡ ಭಾಗ ಆ ಜಿಲ್ಲೆಯ ಮನೆ ಜಮೀನುಗಳ ಮೇಲಣ ತೆರಿಗೆಯಿಂದ ಬರುತ್ತದೆ. ಹೀಗಾಗಿ ಮಕ್ಕಳಿಲ್ಲದ ಮುದುಕನಿಗೂ ಶಾಲೆಯ ಮೇಲೆ ಒಂದು ಕಣ್ಣು. ಅವನು ತೆರಿಗೆ ಕೊಡುತ್ತಾನೆ, ಮತವನ್ನೂ ಹಾಕುತ್ತಾನೆ. ಶಾಲೆ ಮಕ್ಕಳುಳ್ಳವರದು ಮಾತ್ರವಲ್ಲ, ಊರಿನದು.

ಇದನ್ನು ಕೇಳಿ ನಾವು ಬೆರಗಾಗುವ ಮೊದಲು ಇದರ ಇನ್ನೊಂದು ಮುಖವನ್ನೂ ನೋಡಬೇಕು. 1940ರ ಸುಮಾರಿಗೆ ಆ ದೇಶದಲ್ಲಿ 1,17,000ಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿದ್ದವು. ಚಿಕ್ಕವನ್ನು ದೊಡ್ಡದರಲ್ಲಿ ಸೇರಿಸುತ್ತ ಬಂದು ಈಗ ಸುಮಾರು 13,000 ಉಳಿದಿವೆ. ಶಾಲೆ ಕಳೆದುಕೊಂಡ ಹಳ್ಳಿಯ ದುಃಖ ಅಲ್ಲಿಯೂ ಇದೆ. ತೆರಿಗೆ ಊರಿನದಾದುದರಿಂದ, ಶ್ರೀಮಂತರ ಊರಿಗೆ ಶ್ರೀಮಂತ ಶಾಲೆ, ಬಡವರ ಊರಿಗೆ ಬಡ ಶಾಲೆ. ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋ ನಗರದ ಬಡ ಪೋಷಕರು ಈ ಅನ್ಯಾಯವನ್ನು ನ್ಯಾಯಾಲಯಕ್ಕೆ ಒಯ್ದರು. 1973ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರು ಅವರ ವಿರುದ್ಧವಾಗಿಯೂ ನಾಲ್ವರು ಪರವಾಗಿಯೂ ನಿಂತರು. ಒಂದು ಮತದಿಂದ ಬಡವರು ಸೋತರು. ಅದಕ್ಕಿಂತಲೂ ಘೋರವಾದುದು ಬಣ್ಣದ ಭೇದ. ಕರಿಯರ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುತ್ತಿದ್ದವು ಇದೇ ಜನಪ್ರತಿನಿಧಿಗಳ ಶಾಲಾ ಮಂಡಳಿಗಳು. ಅದನ್ನು ತಪ್ಪೆಂದು 1954ರಲ್ಲಿ ತೀರ್ಪಿತ್ತದ್ದು ಸರ್ವೋಚ್ಚ ನ್ಯಾಯಾಲಯ. 1957ರಲ್ಲಿ ಲಿಟಲ್ ರಾಕ್ ನಗರದಲ್ಲಿ ಒಂಬತ್ತು ಮಂದಿ ಕರಿಯ ವಿದ್ಯಾರ್ಥಿಗಳನ್ನು ಶಾಲೆಯ ಬಾಗಿಲು ದಾಟಿಸಲು ಸೈನ್ಯವೇ ಬರಬೇಕಾಯಿತು.

ಹಳ್ಳಿಯ ಕೈಗೆ ಎಲ್ಲವನ್ನೂ ಕೊಟ್ಟುಬಿಡಿರೆನ್ನುವವರು ಈ ಪಾಠವನ್ನು ಮರೆಯಬಾರದು. ನಮ್ಮ ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಬಿಸಿಯೂಟವನ್ನು ದಲಿತ ಮಹಿಳೆ ಬೇಯಿಸುತ್ತಾರೆಂಬ ಕಾರಣಕ್ಕೆ ಬಹುಪಾಲು ಮಕ್ಕಳನ್ನು ಅವರ ಮನೆಯವರು ಶಾಲೆ ಬಿಡಿಸಿದರೆಂದು 2015ರ ಸುಮಾರಿಗೆ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅದೂ ಊರಿನ ಅಭಿಪ್ರಾಯವೇ. ಅಂಥ ಅಭಿಪ್ರಾಯದ ಕೈಗೆ ಅಡುಗೆಯವಳ ನೇಮಕವನ್ನು ಬಿಟ್ಟುಕೊಟ್ಟರೆ ಏನಾದೀತು? ಸಮತೆಯ ಕಾವಲು ಮೇಲಿನಿಂದಲೇ ಬರಬೇಕು. ಅಕ್ಕರೆಯ ಕಾವಲು ಕೆಳಗಿನಿಂದಲೇ ಬರಬೇಕು. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದರೆ ಎರಡೂ ಕೆಡುತ್ತವೆ.

ನೀರಗಂಟಿಯ ಪಾಠ

ಹಾಗಾದರೆ ಊರಿನ ಪಾಲಿಗೆ ಬರಬೇಕಾದುದೇನು? ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಲ್ಲ. ಕೋಲಾರದ ಕೆರೆಯ ಏರಿಯವರೆಗೆ ಹೋದರೆ ಸಾಕು.

ಈ ಸೀಮೆ ಬದುಕಿದ್ದು ಕೆರೆಗಳಿಂದ. ಕೆರೆಗೊಬ್ಬ ನೀರಗಂಟಿ ಇರುತ್ತಿದ್ದ. ಜಾತಿಯಲ್ಲಿ ದೊಡ್ಡವನಲ್ಲ, ಆಸ್ತಿಯಲ್ಲಿ ಕಡಿಮೆ. ಆದರೆ ತೂಬು ಅವನ ಕೈಯಲ್ಲಿ. ಯಾವ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರೆಂಬುದು ಅವನ ಲೆಕ್ಕ. ಸರದಿ ತಪ್ಪಿ ನೀರು ತಿರುಗಿಸಿಕೊಂಡವನು ಗೌಡನೇ ಆದರೂ ಅವನು ಕೇಳಬಹುದಾಗಿತ್ತು. ಅವನು ತಪ್ಪಿದರೆ ಊರು ಅವನನ್ನು ಕೇಳುತ್ತಿತ್ತು. ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲುತ್ತಿತ್ತು. ಕೆಲಸ, ಅಧಿಕಾರ, ಜವಾಬ್ದಾರಿ, ಪ್ರತಿಫಲ, ನಾಲ್ಕೂ ಒಂದೆಡೆ ಕೂಡಿದ್ದವು. ಮುಂದೆ ಕೆರೆ ಇಲಾಖೆಯದಾಯಿತು, ಕೊಳವೆ ಬಾವಿಗಳು ಬಂದವು, ನೀರಗಂಟಿಗೆ ಕೆಲಸವಿಲ್ಲದಾಯಿತು. ಹೂಳು ತೆಗೆಯಬೇಕಾದವರು ಯಾರೆಂಬ ಪ್ರಶ್ನೆ ಹುಟ್ಟಿದ್ದು ಅನಂತರ.

ನಾವು ಶಾಲಾ ಸಮಿತಿಯನ್ನು ನೀರಗಂಟಿಯನ್ನಾಗಿ ಮಾಡಿದ್ದೇವೆ. ತೂಬನ್ನು ಮಾತ್ರ ಕೊಟ್ಟಿಲ್ಲ. ಉಪಾಧ್ಯಾಯರು ಬರಲಿಲ್ಲವೇ, ಸಮಿತಿ ಗಮನಿಸಬೇಕು. ಆದರೆ ಅದರ ಗಮನಕ್ಕೆ ಉತ್ತರ ಕೊಡಬೇಕೆಂಬ ನಿರ್ಬಂಧವನ್ನು ಯಾರೂ ಪಾಲಿಸುತ್ತಿಲ್ಲ. ಶಾಲೆಯ ಯೋಜನೆಯನ್ನು ಸಮಿತಿ ಬರೆಯಬೇಕು. ಆದರೆ ಆ ಯೋಜನೆಗೆ ಹಣ ಒದಗುವುದು ಇನ್ನೊಬ್ಬರ ಕೃಪೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ಬರುವ ವಾರ್ಷಿಕ ಅನುದಾನ ಮಕ್ಕಳ ತಲೆಯೆಣಿಕೆಯ ಮೇಲೆ ನಿಂತಿದೆ: ಮೂವತ್ತರವರೆಗೆ ಮಕ್ಕಳಿದ್ದರೆ 10,000 ರೂಪಾಯಿ, ನೂರರವರೆಗೆ 25,000. ಮೂವತ್ತೊಂದನೆಯ ಮಗು ವ್ಯಾನು ಹತ್ತಿ ಹೋಯಿತೆಂದರೆ 15,000 ರೂಪಾಯಿಯೂ ಅದರ ಹಿಂದೆಯೇ ಹೋಯಿತು. ಕಟ್ಟಡ ಅದೇ, ಛಾವಣಿ ಅದೇ, ಸೋರುವ ಮಳೆಯೂ ಅದೇ.

ಆ ವ್ಯಾನಿನಲ್ಲಿ ಹೋದವರು ಯಾರ ಮಕ್ಕಳು? ಇಡೀ ಸಮಸ್ಯೆಯ ತಿರುಳು ಇಲ್ಲಿದೆಯೆಂದು ನನಗೆ ತೋರುತ್ತದೆ. ಊರಿನಲ್ಲಿ ಮಾತು ನಡೆಯುವವರು, ಕಚೇರಿಯ ಮೆಟ್ಟಿಲು ಹತ್ತಬಲ್ಲವರು, ಅರ್ಜಿ ಬರೆಯಬಲ್ಲವರು, ಎಲ್ಲರ ಮಕ್ಕಳೂ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದಾರೆ. ಉಪಾಧ್ಯಾಯರಾದ ನಮ್ಮ ಮಕ್ಕಳೂ ಹೋದರು. ನನ್ನ ಮಗನೂ ಹೋದ. ಈ ತಪ್ಪೊಪ್ಪಿಗೆಯಿಲ್ಲದೆ ಈ ಲೇಖನ ಬರೆಯುವ ಹಕ್ಕು ನನಗಿಲ್ಲ. ಕೆಲವು ವರ್ಷ ಸರ್ಕಾರವೇ ಶಿಕ್ಷಣದ ಹಕ್ಕಿನ ಕಾಯಿದೆಯಂತೆ ಶುಲ್ಕ ಕೊಟ್ಟು ಬಡವರ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಕಳುಹಿಸಿತು. ಹತ್ತಿರದಲ್ಲಿ ಸರ್ಕಾರಿ ಶಾಲೆ ಇರುವಲ್ಲಿ ಅದು ಬೇಡವೆಂದು 2019ರಲ್ಲಿ ಹಿಂದೆ ಸರಿಯಿತು. ಅದೇ ವರ್ಷ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಗಮನಿಸಬೇಕಾದುದು ಇಷ್ಟು: ಮಗು ಯಾವ ನುಡಿಯಲ್ಲಿ ಕಲಿಯಬೇಕೆಂಬಂಥ ದೊಡ್ಡ ಪ್ರಶ್ನೆಯನ್ನು, ತೆಲುಗು, ಕನ್ನಡ, ತಮಿಳು, ಉರ್ದುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಸೀಮೆಯ ಪೋಷಕರೊಡನೆ ಕುಳಿತು ಯಾರೂ ಮಾತಾಡಲಿಲ್ಲ.

ಹೀಗೆ ಮಾತು ಬಲ್ಲವರೆಲ್ಲ ಶಾಲೆಯನ್ನು ಬಿಟ್ಟುಹೋದ ಮೇಲೆ ಉಳಿದವರಿಂದ ಸಮಿತಿ ರಚನೆಯಾಗುತ್ತದೆ. ಕಾಯಿದೆ ಅವರಿಗೆ ಕುರ್ಚಿ ಕೊಟ್ಟಿತು. ಸಮಾಜ ಅವರ ಮಾತಿಗೆ ಬೆಲೆ ಕೊಡಲಿಲ್ಲ. ಸರ್ಕಾರಿ ನೌಕರರು ತಮ್ಮ ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳುಹಿಸುವಂತೆ ಮಾಡಬೇಕೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯ 2015ರಲ್ಲಿ ಹೇಳಿದಾಗ ಅನೇಕರು ನಕ್ಕರು. ಆದರೆ ಆ ತೀರ್ಪಿನ ಹಿಂದಣ ನೋವು ಸುಳ್ಳಲ್ಲ. ನಮ್ಮ ಮಗುವಿಲ್ಲದ ಶಾಲೆಯ ಛಾವಣಿ ಸೋರಿದರೆ ನಮ್ಮ ನಿದ್ರೆ ಕೆಡುವುದಿಲ್ಲ.

ಮಾಡಬಹುದಾದ ಕೆಲಸ

ಉಪಾಧ್ಯಾಯರ ನೇಮಕವನ್ನೂ ವರ್ಗಾವಣೆಯನ್ನೂ ಊರಿಗೆ ಒಪ್ಪಿಸಿರೆಂದು ನಾನು ಹೇಳುವುದಿಲ್ಲ. ಊರ ರಾಜಕೀಯಕ್ಕೆ ಸಿಕ್ಕಿದ ಉಪಾಧ್ಯಾಯಿನಿಯರ ಕಣ್ಣೀರನ್ನು ನಾನು ಕಂಡಿದ್ದೇನೆ. 2020ರ ವರ್ಗಾವಣೆ ಕಾಯಿದೆಯಂತೆ ಗಣಕಯಂತ್ರದ ಮುಂದೆ ಕೌನ್ಸೆಲಿಂಗ್ ನಡೆಯುವುದು ಎಷ್ಟೇ ನೀರಸವಾಗಿರಲಿ, ಅದು ಯಾರ ಮನೆಯ ಬಾಗಿಲನ್ನೂ ಕಾಯಿಸುವುದಿಲ್ಲ. ಅದು ಮೇಲೆಯೇ ಇರಲಿ.

ಆದರೆ ಕೆಳಗೆ ಕೊಡಬಹುದಾದುದು ಬಹಳವಿದೆ. ಮೊದಲನೆಯದು ಉತ್ತರ. ಸಮಿತಿಯ ನಿರ್ಣಯ ತಾಲ್ಲೂಕು ಕಚೇರಿಗೆ ಮುಟ್ಟಿದ ಮೂವತ್ತು ದಿನಗಳೊಳಗೆ ಲಿಖಿತ ಉತ್ತರ ಬರಬೇಕು. ‘ಆಗುವುದಿಲ್ಲ’ ಎಂದೇ ಬರಲಿ. ಏಕೆ ಆಗುವುದಿಲ್ಲವೆಂದು ಬರೆದಿರಲಿ. ಎರಡನೆಯದು ಹಣ. ಗೋಡೆ, ಛಾವಣಿ, ನೀರು, ಶೌಚಾಲಯಗಳ ಸಣ್ಣ ದುರಸ್ತಿಗೆ ಬೇಕಾದಷ್ಟನ್ನು ವರ್ಷದ ಆರಂಭದಲ್ಲಿಯೇ, ಮಕ್ಕಳ ತಲೆಯೆಣಿಕೆಯನ್ನಷ್ಟೇ ನೋಡದೆ ಕಟ್ಟಡದ ಅಗತ್ಯವನ್ನೂ ನೋಡಿ, ಸಮಿತಿಯ ಖಾತೆಗೆ ಹಾಕಬೇಕು. ಮೂರನೆಯದು ಲೆಕ್ಕ. ನಮ್ಮ ಹಳ್ಳಿಗಳ ಹಾಲಿನ ಡೈರಿಯ ಮುಂದೆ ದಿನಕ್ಕೆ ಎರಡು ಸಲ ಇಡೀ ಊರು ಸೇರುತ್ತದೆ. ಲೀಟರು, ಕೊಬ್ಬಿನ ಅಂಶ, ದರ, ಎಲ್ಲವೂ ಅಕ್ಷರ ಬಾರದವರಿಗೂ ಬಾಯಿಪಾಠ. 2013ರ ಆಗಸ್ಟಿನಿಂದ ಕ್ಷೀರಭಾಗ್ಯ ಯೋಜನೆಯಲ್ಲಿ ಹಾಲಿನ ಪುಡಿ ಶಾಲೆಗೆ ಬರುತ್ತಿದೆ. ಡೈರಿಯ ಲೆಕ್ಕದ ಗುಣವೂ ಅದರ ಜೊತೆಗೆ ಬರಬಾರದೇ? ಶಾಲೆಗೆ ಬಂದ ಹಣ, ಹೋದ ಹಣ, ತೆರವಾದ ಸ್ಥಾನ, ಬಂದ ಉತ್ತರ, ಇವನ್ನು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಬರೆದು ಡೈರಿಯ ಗೋಡೆಗೆ ಅಂಟಿಸಲು ಯಾವ ಸರ್ಕಾರಿ ಆದೇಶವೂ ಬೇಕಾಗಿಲ್ಲ.

ನಾಲ್ಕನೆಯದು ಹೊತ್ತು. ಗ್ರಾಮ ಪಂಚಾಯತಿಯ ಸದಸ್ಯರಿಗೆ ಗೌರವಧನವುಂಟು. ಶಾಲಾ ಸಮಿತಿಯ ಸದಸ್ಯರಿಗೆ ಏನೂ ಇಲ್ಲ. ಕೂಲಿಯವರ ಅರ್ಧ ದಿನವನ್ನು ಪುಕ್ಕಟೆಯಾಗಿ ತೆಗೆದುಕೊಂಡು ಅವರು ಬರುವುದಿಲ್ಲವೆಂದು ದೂರುವುದು ನ್ಯಾಯವಲ್ಲ. ಸಭೆ ಸಂಜೆಗೆ ಆಗಲಿ, ಇಲ್ಲವೇ ಕೂಲಿ ತುಂಬಿಕೊಡಲಿ. ಐದನೆಯದು ನಮ್ಮಂಥವರ ಕರ್ತವ್ಯ. ಗ್ರಾಮಸಭೆಯಲ್ಲಿ ರಸ್ತೆ ಚರಂಡಿಗಳ ಮಾತು ಮುಗಿದ ಮೇಲೆ ಶಾಲೆಯ ಮಾತು ಎತ್ತುವವರು ಬೇಕು. ಆ ಶಾಲೆಯಲ್ಲಿ ಓದಿ ಮೇಲೆ ಬಂದವರು, ಕಾಲೇಜಿನ ವಿದ್ಯಾರ್ಥಿಗಳು, ನಿವೃತ್ತರು, ವರ್ಷಕ್ಕೆ ಎರಡು ದಿನ ಹೋಗಿ ಸಮಿತಿಯವರ ಪಕ್ಕದಲ್ಲಿ ಕುಳಿತು ಅವರ ಅರ್ಜಿ ಬರೆದುಕೊಟ್ಟರೂ ಸಾಕು. ಮುಂದಾಳುತನ ಅವರದೇ ಇರಲಿ. ನಮ್ಮದು ಬರವಣಿಗೆಯ ಚಾಕರಿ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಬಾಳೆಲ್ಲ ಹೇಳುತ್ತ ಬಂದದ್ದು, ಮತ ಹಾಕಿ ಮನೆಗೆ ಹೋಗುವುದರಲ್ಲಿ ಪೌರಧರ್ಮ ಮುಗಿಯುವುದಿಲ್ಲವೆಂಬುದನ್ನೇ ಅಲ್ಲವೇ?

ಇವೆಲ್ಲ ಸಣ್ಣ ಮಾತುಗಳು. ದೊಡ್ಡ ಸುಧಾರಣೆಯ ಆಡಂಬರ ಇವುಗಳಲ್ಲಿಲ್ಲ. ಆದರೆ ಶಾಲೆ ಮುಚ್ಚುವುದೂ ದೊಡ್ಡ ಸದ್ದಿನಿಂದ ಅಲ್ಲ. ಒಂದು ವರ್ಷ ಒಬ್ಬ ಉಪಾಧ್ಯಾಯರು ಹೋಗುತ್ತಾರೆ. ಇನ್ನೊಂದು ವರ್ಷ ಹತ್ತು ಮಕ್ಕಳು ಹೋಗುತ್ತಾರೆ. ಮೂರನೆಯ ವರ್ಷ ‘ಮಕ್ಕಳ ಕೊರತೆ’ ಎಂಬ ಎರಡು ಮಾತಿನ ಆದೇಶ ಬರುತ್ತದೆ. ಅಂದು ಊರಿನವರು ಗೇಟಿನ ಮುಂದೆ ನಿಂತು ಕೂಗುತ್ತಾರೆ. ಅಷ್ಟು ಹೊತ್ತಿಗೆ ತೂಬು ಮುಚ್ಚಿ ಬಹಳ ಕಾಲವಾಗಿರುತ್ತದೆ.

ಮೊನ್ನೆ ಮತ್ತೆ ಆ ಶಾಲೆಗೆ ಹೋಗಿದ್ದೆ. ಗೋಡೆ ಹಾಗೆಯೇ ಇತ್ತು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ನಡವಳಿ ಪುಸ್ತಕವನ್ನು ತೆರೆದು ನೋಡಿದೆ. ಮೂರು ವಿಷಯಗಳೂ ದುಂಡು ಅಕ್ಷರದಲ್ಲಿದ್ದವು. ಪ್ರತಿಯೊಂದರ ಕೆಳಗೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದಿತ್ತು. ಆ ತಾಯಿಯ ಪ್ರಶ್ನೆ ಮಾತ್ರ ಎಲ್ಲಿಯೂ ಇರಲಿಲ್ಲ. ಮುಂದಿನ ಸಭೆಗೆ ನಾನೂ ಹೋಗುತ್ತೇನೆ. ಬೇರೇನೂ ಆಗದಿದ್ದರೆ, ಆಕೆ ಕೇಳಿದ್ದನ್ನು ಆಕೆಯ ಮಾತಿನಲ್ಲಿಯೇ ನಾಲ್ಕನೆಯ ವಿಷಯವಾಗಿ ಬರೆಸಿ, ತಾಲ್ಲೂಕಿಗೆ ಕಳುಹಿಸಿ, ಉತ್ತರಕ್ಕೆ ಕಾಯೋಣವೆಂದಿದ್ದೇನೆ.